ಎದುರು ಬಂದ ದೋಣಿಯ ಹಸಿರು ದೀಪ

ನಿನ್ನೆ ಮೊಮ್ಮಗಳು ನನ್ನ ಅಂಗೈಯಲ್ಲಿ ಹೊಸ ಫೋನೊಂದನ್ನು ಇಟ್ಟಳು. ಗುಂಡಿಯೇ ಇಲ್ಲ, ಬರೀ ಗಾಜು. "ನಾ ಒಳಗಿಂದ ಫೋನ್ ಮಾಡ್ತೆ, ಎತ್ತು ನೋಡ್ವಾ" ಎಂದು ಓಡಿದಳು. ರಿಂಗಾಯಿತು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಮೂಡಿತು. ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ನಾನು ಓದಿದ್ದು ಮೂರನೆಯ ಇಯತ್ತೆ. ಉಳಿದದ್ದೆಲ್ಲ ನಮ್ಮೂರು ಅವರ್ಸಾದ ಸಮುದ್ರ ಕಲಿಸಿದ್ದು. ರಾತ್ರಿ ಕಡಲಿಗಿಳಿದ ದೋಣಿಯ ಎಡಮಗ್ಗುಲಿಗೆ ಕೆಂಪು ದೀಪ, ಬಲಮಗ್ಗುಲಿಗೆ ಹಸಿರು. ಉಣ್ಣುವ ಕೈ ಯಾವುದೆಂದು ಯಾರಾದರೂ ಯೋಚಿಸುತ್ತಾರೆಯೇ? ಇದೂ ಹಾಗೆಯೇ.

ನಮ್ಮೂರಿಗೆ ಮೊಬೈಲು ಆಗಷ್ಟೇ ಕಾಲಿಟ್ಟ ವರ್ಷಗಳವು. ಮಗಳು ಹೆರಿಗೆಗೆಂದು ಕಾರವಾರದ ಆಸ್ಪತ್ರೆ ಸೇರಿದ್ದಳು, ಜೊತೆಗೆ ನನ್ನ ಹೆಂಡತಿ. ಹಿಂದಿನ ಸಲ ಕೂಸು ಉಳಿದಿರಲಿಲ್ಲ. ಅಳಿಯ ತನ್ನ ಹಳೆಯ ಫೋನು ಕೊಟ್ಟು, "ಮಾವಾ, ರಿಂಗಾದ್ರೆ ಹಸಿರು ಒತ್ತಿ, ಅಷ್ಟೇ" ಎಂದು ಹೇಳಿ ಹೋಗಿದ್ದ.

ಬೆಳಿಗ್ಗೆ ಅಂಗಳದಲ್ಲಿ ಬಲೆ ರಿಪೇರಿ ಮಾಡುತ್ತಿದ್ದಾಗ ಅದು ಕೂಗಿಕೊಂಡಿತು. ಚಸ್ಮಾ ಒಳಗಿತ್ತು, ಗುಂಡಿಯ ಮೇಲಿನ ಬಣ್ಣವೋ ಸಾಸಿವೆಯಷ್ಟು. ಹಸಿರೆಂದರೆ ಬಲಗಡೆ ಎಂದು ಹೆಬ್ಬೆರಳು ತಾನೇ ಓಡಿತು. ಕರೆ ಕಟ್ಟಾಗಿ ಫೋನು ಸತ್ತಿತು. ಮತ್ತೆ ಕೂಗಿತು, ಮತ್ತೆ ಬಲಕ್ಕೇ ಒತ್ತಿದೆ. ಹೀಗೆ ಮೂರು ಸಲ! ತಿರುಗಿ ಫೋನು ಮಾಡುವ ವಿದ್ಯೆಯನ್ನು ಅಳಿಯ ಕಲಿಸಿರಲಿಲ್ಲ. ಈ ಫೋನು ತಯಾರಿಸಿದವರು ಒಬ್ಬ ಮೀನುಗಾರನ ಹೆಬ್ಬೆರಳನ್ನಾದರೂ ಕೇಳಬಾರದಿತ್ತೇ?

ಪಕ್ಕದಲ್ಲಿ ಮೀನು ಒಣಗಿಸುತ್ತಿದ್ದ ಅಕ್ಕ, "ಬಲೆ ಬೀಸೂಕೆ ಶಾಣ್ಯಾ, ಒಂದು ಗುಂಡಿ ಒತ್ತೂಕೆ ಬರೂದಿಲ್ಲ ನಿಂಗೆ! ನಿನ್ನ ಮುಖ ನೋಡೇ ಸಾಯ್ತದೆ ಅದು" ಎಂದಳು.

ಮುಖ! ಹೌದಲ್ಲ, ಫೋನು ನನಗೆ ಮುಖ ಮಾಡಿಕೊಂಡಿದೆ. ಇದು ನಾನು ಕೂತ ದೋಣಿಯಲ್ಲ, ನನ್ನೆದುರು ಬರುತ್ತಿರುವ ದೋಣಿ. ಎದುರಿನ ದೋಣಿಯ ಹಸಿರು ದೀಪ ನಮಗೆ ಕಾಣುವುದು ಎಡಕ್ಕೇ!

ನಾಲ್ಕನೆಯ ಸಲ ಕೂಗಿದಾಗ ಎಡಕ್ಕೆ ಒತ್ತಿದೆ.

"ಎಂತಾ ಮಾಡ್ತಿದ್ರಿ ಅಲ್ಲಿ, ನಿದ್ದೆಯಾ?" ಹೆಂಡತಿ ಗುಡುಗಿದಳು. ಆಮೇಲೆ ದನಿ ಒಡೆಯಿತು. "ಅಜ್ಜ ಆದ್ರಿ ಮಾರಾಯ್ರೆ! ಹೆಣ್ಣು ಕೂಸು. ಕೇಳಿ, ಹೆಂಗೆ ಕೂಗ್ತದೆ!"

ಕೇಳಿದೆ. ಕಡಲಿನ ಸದ್ದೂ ಅದರ ಮುಂದೆ ಸಣ್ಣದಾಯಿತು. ದಂಡೆಯುದ್ದಕ್ಕೂ ಓಡಿ ಸಿಕ್ಕವರಿಗೆಲ್ಲ ಸುದ್ದಿ ಸಾರಿದೆ. ಮೊದಲು ಕೂಸಿನದನ್ನು ಹೇಳಿದೆನೋ ಗುಂಡಿಯದನ್ನೋ, ಈಗ ನೆನಪಿಲ್ಲ.

ನಿನ್ನೆಯ ಈ ಗಾಜಿನ ಫೋನು ನೋಡಿ: ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಎದುರು ಬರುತ್ತಿದ್ದ ದೋಣಿ ಕಡೆಗೂ ನನ್ನನ್ನು ಹತ್ತಿಸಿಕೊಂಡಿದೆ. ಕಣ್ಣು ಮುಚ್ಚಿ ಬಲಕ್ಕೆ ಬೆರಳಿಟ್ಟೆ. ಅಂದು ಆಸ್ಪತ್ರೆಯಿಂದ ಕೂಗಿದ ಅದೇ ದನಿ ಕಿವಿ ತುಂಬಿತು:

"ಅಜ್ಜಾ, ಒಂದೇ ಸಲಕ್ಕೆ ಎತ್ತಿಬಿಟ್ಯಲ್ಲಾ!"