ಬಾಲವಾಡಿಗೆ ಬಂದ ಪ್ರಶಸ್ತಿ

ಸಿಮೆಂಟು, ಕಬ್ಬಿಣದ ಕೆಲಸ ಬೇರೆಯವರದು. ಆ ಕೆಲಸಕ್ಕೆ ಒಳ್ಳೆಯ ಹೆಸರು ತರುವುದು ದೀಪಾಲಿಯ ಕೆಲಸ. ಕೊಂಡಾಪುರದಲ್ಲಿ ಅವಳಿದ್ದ ಕಚೇರಿ ಬಿಲ್ಡರುಗಳ, ಆರ್ಕಿಟೆಕ್ಟುಗಳ, ಎಂಜಿನಿಯರಿಂಗ್ ಕಂಪನಿಗಳ ಪ್ರಚಾರ ನೋಡಿಕೊಳ್ಳುತ್ತಿತ್ತು. ಯಾವ ಪತ್ರಿಕೆಯಲ್ಲಿ ಏನು ಬರಬೇಕು, ಯಾವ ಪ್ರಶಸ್ತಿಗೆ ಯಾರು ಅರ್ಜಿ ಹಾಕಬೇಕು, ಎಡವಟ್ಟಾದರೆ ಯಾವ ಮಾತು ಆಡಬೇಕು, ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಅವಳ ಅಪ್ಪ ದತ್ತಾತ್ರೇಯರಾಯರು ಸರಕಾರಿ ಕಚೇರಿಯಲ್ಲಿ ತರ್ಜುಮೆಯ ಕೆಲಸ ಮಾಡಿದವರು. ಹಾಗಾಗಿ ಮಗಳಿಗೆ ತೆಲುಗು, ಉರ್ದು, ಇಂಗ್ಲಿಷು ಮೂರೂ ನಾಲಿಗೆಯ ಮೇಲಿದ್ದವು. ಕನ್ನಡ ಮಾತ್ರ ಕಾಚಿಗುಡಾದ ಮನೆಯೊಳಗಿನ ಭಾಷೆ. ಅದಕ್ಕೂ ಒಂದು ದಿನ ಸಂಬಳ ಸಿಗುತ್ತದೆಂದು ಯಾರು ಕಂಡಿದ್ದರು!

ಗಚ್ಚಿಬೌಲಿಯಲ್ಲಿ ಮುಗಿಲು ಮುಟ್ಟುವ ಅಪಾರ್ಟ್‌ಮೆಂಟು ಕಟ್ಟುತ್ತಿದ್ದ ಕಂಪನಿಯೊಂದಕ್ಕೆ ‘ಕಾರ್ಮಿಕ ಸ್ನೇಹಿ’ ಪ್ರಶಸ್ತಿ ಬೇಕಾಗಿತ್ತು. ಪ್ರಶಸ್ತಿ ಬಂದರೆ ಫ್ಲ್ಯಾಟು ಕೊಳ್ಳುವವರಿಗೆ ನಂಬಿಕೆ ಬರುತ್ತದಂತೆ. ದೀಪಾಲಿಯ ಮೇಲಧಿಕಾರಿ ವಿಶ್ವಜಿತ್ ಸೈಟಿನಲ್ಲೊಂದು ಬಾಲವಾಡಿ ತೆರೆಸಿದ. ಕೂಲಿಯವರಿಗೆ ಸ್ನಾನಕ್ಕೆ ತಗಡಿನ ಮರೆ ಕೂಡ ಸರಿಯಾಗಿರಲಿಲ್ಲ; ಇಲ್ಲಿ ನೋಡಿದರೆ ಗೋಡೆಯ ತುಂಬ ಆನೆ, ನವಿಲು, ಬಣ್ಣದ ಕುರ್ಚಿ, ಒಬ್ಬಳು ಟೀಚರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

ಎಲ್ಲ ಸಜ್ಜಾಯಿತು, ಮಕ್ಕಳೇ ಬರಲಿಲ್ಲ. ಅಲ್ಲಿ ಇಟ್ಟಿಗೆ ಹೊರುತ್ತಿದ್ದ ಹೆಂಗಸರು ಯಾದಗಿರಿ ಕಡೆಯವರು. ಅವರ ಮಕ್ಕಳೆಲ್ಲ ಅನ್ನಮ್ಮ ಎಂಬ ಮುದುಕಿಯ ಜೊತೆ ಬೇವಿನ ಗಿಡದ ಕೆಳಗೆ ಆಡಿಕೊಂಡಿದ್ದವು. “ನಿನಗ ಅವರ ಮಾತು ಬರತೈತಿ, ನೀನ ಹೋಗು” ಎಂದು ಕನ್ನಡ ಬಾರದ ವಿಶ್ವಜಿತ್ ತೆಲುಗಿನಲ್ಲೇ ಹೇಳಿ ದೀಪಾಲಿಯನ್ನು ಕಳಿಸಿದ.

ಅನ್ನಮ್ಮನ ಸೊಸೆ ಶಿವಗಂಗಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ನಮ್ಮ ಹುಡುಗರನ್ನ ಅತ್ತಿ ನೋಡ್ಕೋತಾಳ್ರಿ ಅಕ್ಕಾರ. ಇಂಥವು ಭಾಳ ನೋಡೀವಿ. ಇವತ್ತ ತೆರೀತಾರ, ನಾಳಿಗೆ ಮುಚ್ಚತಾರ.”

“ಇಲ್ಲವ್ವಾ, ಬಿಲ್ಡಿಂಗ್ ಮುಗಿಯೂತನಕ ಇರತೈತಿ. ನಾ ಹೇಳಾಕತ್ತೀನಲ್ಲ?”

ಅದು ಖರೆಯೋ ಸುಳ್ಳೋ ಅವಳಿಗೆ ಗೊತ್ತಿರಲಿಲ್ಲ. ವಿಶ್ವಜಿತ್‌ನನ್ನು ಕೇಳಿರಲೇ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮಾತೇ ಕಸುಬಾದವರಿಗೆ ಆ ಭಯ ಎಲ್ಲಿಂದ ಬರಬೇಕು!

ತಮ್ಮ ಕಡೆಯ ಕನ್ನಡ ಕೇಳಿ ಹೆಂಗಸರು ಕರಗಿದರು. ಮರುದಿನವೇ ಶಿವಗಂಗಾ ತನ್ನ ಮೂರು ವರ್ಷದ ಮಗಳು ಭಾಗಮ್ಮನನ್ನು ತಲೆ ಬಾಚಿ ಕರೆತಂದಳು. ಅವಳ ಹಿಂದೆ ಉಳಿದವರೂ ಬಂದರು. ಒಂದು ವಾರ ಸುಮ್ಮನೆ ಕೂತು ನೋಡಿದ ಅನ್ನಮ್ಮ, “ಹುಡುಗರಿಗೆ ಟೀಚರಮ್ಮ ಬಂದಾಳ. ಇನ್ನ ನಂದೇನೈತಿ ಇಲ್ಲಿ? ಊರಿಗೆ ಹೋಗತೀನಿ” ಎಂದು ಗಂಟು ಕಟ್ಟಿದಳು. ದೀಪಾಲಿಯೇ ಕ್ಯಾಬಿನಲ್ಲಿ ಕೂರಿಸಿಕೊಂಡು ಹೋಗಿ ಬಸ್ಸು ಹತ್ತಿಸಿದಳು. ಪುಣ್ಯದ ಕೆಲಸ ಮಾಡಿದೆನೆಂದು ಅವತ್ತು ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು.

ತೀರ್ಪುಗಾರರು ಬಂದರು, ಮಕ್ಕಳ ಕೆನ್ನೆ ಹಿಂಡಿದರು, ಹೋದರು. ದೊಡ್ಡ ಹೋಟೆಲಿನಲ್ಲಿ ಕಂಪನಿಯವರಿಗೆ ಶಾಲು ಹೊದಿಸಿದರು. ಅದಾದ ಕೆಲವೇ ದಿನಗಳಲ್ಲಿ ಬಾಲವಾಡಿಗೆ ಬೀಗ ಬಿತ್ತು, ಆನೆ ನವಿಲುಗಳ ಮೇಲೆ ಬಿಳಿ ಬಣ್ಣ ಬಿತ್ತು, ಆ ಕೋಣೆ ಫ್ಲ್ಯಾಟು ಮಾರುವವರ ಆಫೀಸಾಯಿತು.

“ಹಿಂಗ್ಯಾಕ ಮಾಡಿದ್ರಿ ಸರ್?” ಎಂದು ದೀಪಾಲಿ ಫೋನಿನಲ್ಲಿ ಕೇಳಿದಳು.

“ಪ್ರಶಸ್ತಿ ಬಂತಲ್ಲ, ಮತ್ತೇನು?” ಎಂದ ವಿಶ್ವಜಿತ್.

ಸೈಟಿಗೆ ಹೋಗಿ ಹೆಂಗಸರಿಗೆ ಹೇಳಬೇಕಿತ್ತು, ಅನ್ನಮ್ಮನನ್ನು ವಾಪಸು ಕರೆಸಿರೆಂದು ಕೈ ಮುಗಿಯಬೇಕಿತ್ತು. ಯಾವ ಮುಖ ಹೊತ್ತು ಹೋಗಲಿ ಎಂಬ ನಾಚಿಕೆಯಲ್ಲಿ ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎನ್ನುತ್ತ ದಿನ ತಳ್ಳಿದಳು. ಅಷ್ಟರಲ್ಲಿ ಮಳೆ ಹಿಡಿಯಿತು. ಲಿಫ್ಟಿಗಾಗಿ ತೋಡಿದ್ದ ಗುಂಡಿಯಲ್ಲಿ ನೀರು ನಿಂತಿತು, ಅದಕ್ಕೊಂದು ಹಲಗೆ ಅಡ್ಡ ಇಡುವ ಬುದ್ಧಿ ಯಾರಿಗೂ ಬರಲಿಲ್ಲ. ಅಮ್ಮ ಇಟ್ಟಿಗೆ ಹೊತ್ತು ಮೇಲೆ ಹೋದಾಗ ಭಾಗಮ್ಮ ಆ ಗುಂಡಿಗೆ ಬಿದ್ದು ಸತ್ತಳು.

ಅವತ್ತು ಸಂಜೆಯೇ ಪತ್ರಿಕೆಗಳಿಗೆ ಹೇಳಿಕೆ ಹೋಗಬೇಕಿತ್ತು. ವಿಶ್ವಜಿತ್ ದೀಪಾಲಿಯ ಮೇಜಿನ ಹತ್ತಿರ ಬಂದು ನಿಂತ.

“ಬಾಲವಾಡಿ ವ್ಯವಸ್ಥಾ ಮಾಡಿದ್ವಿ ಅಂತ ಬರಿ. ಅದರಾಗ ಸುಳ್ಳೇನೈತಿ?”

“ಈಗ ಇಲ್ಲಲ್ಲರಿ ಸರ್.”

“ಈಗ ಐತಿ ಅಂತ ನಾವೆಲ್ಲಿ ಅನ್ನಾಕತ್ತೀವಿ? ಸೈಟ್ ಬಂದಾದ್ರ ಇಷ್ಟು ಮಂದಿ ಕೂಲಿಯವರು ಉಪವಾಸ ಬೀಳತಾರ ನೋಡು, ನಿನ್ನ ಕನ್ನಡದವರ.”

ದೀಪಾಲಿ ಬರೆದಳು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ, ತೆಲುಗಿನಲ್ಲಿ: ಕಾರ್ಮಿಕರ ಮಕ್ಕಳಿಗಾಗಿ ಕಂಪನಿ ಒದಗಿಸಿದ ಬಾಲವಾಡಿಗೆ ಪ್ರಶಸ್ತಿ ಬಂದಿದೆ, ಹೀಗಿದ್ದೂ ಮಗುವನ್ನು ಕೆಲಸದ ಜಾಗಕ್ಕೆ ಕರೆದೊಯ್ದದ್ದು ತಾಯಿಯ ನಿರ್ಲಕ್ಷ್ಯ. ಹೆಸರು ಹಾಕಲಿಲ್ಲ. ಪಾಪ, ಅವರೆಲ್ಲಿ ತೆಲುಗು ಪೇಪರು ಓದುತ್ತಾರೆ ಎಂದುಕೊಂಡಳು. ಪತ್ರಿಕೆಯವರು ಅಕ್ಷರವನ್ನೂ ಬದಲಿಸದೆ ಅಚ್ಚು ಹಾಕಿದರು.

ಮರುದಿನ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ಸೈಟಿಗೆ ಹೋದಳು. ತಗಡಿನ ಜೋಪಡಿಯಲ್ಲಿ ಶಿವಗಂಗಾ ಗೋಡೆಗೆ ಒರಗಿದ್ದಳು. ಗಂಡ ಗುರುಶಾಂತ ಹೊರಗೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ. ಬೈದು ಓಡಿಸುತ್ತಾಳೆ ಎಂದುಕೊಂಡಿದ್ದಳು ದೀಪಾಲಿ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಬಂದ್ರ್ಯಾ ಅಕ್ಕಾರ? ಛಲೋ ಆತು.” ಶಿವಗಂಗಾ ಮಡಿಲಲ್ಲಿದ್ದ ಪೇಪರನ್ನು ಮುಂದೆ ಹಿಡಿದಳು. “ಇದರಾಗ ನಮ್ಮ ಭಾಗಿ ಸುದ್ದಿ ಬಂದೈತಂತ. ಓದಿದವರೆಲ್ಲ ನನ್ನ ಮಾರಿ ನೋಡಿ ಸುಮ್ನ ಹೋಗಾಕತ್ತಾರ. ಏನ್ ಬರದಾರ ಅಂತ ಒಬ್ಬರೂ ಹೇಳವಲ್ಲರು. ನೀವರ ಓದಿ ಹೇಳ್ರಿ.”

ಬೇರೆ ಏನಾದರೂ ಓದಬಹುದಿತ್ತು. ಆದರೆ ಇವಳಿಗೆ ಇನ್ನೊಂದು ಸುಳ್ಳು ಹೇಳಲು ದೀಪಾಲಿಗೆ ಎದೆಯೇ ಬರಲಿಲ್ಲ. ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಕೊನೆಯವರೆಗೂ ಓದಿದಳು. ಓದಿ ಮುಗಿಸಿ ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟಳು.

“ಇದು ಸುಳ್ಳವ್ವಾ. ತಪ್ಪು ನಿಂದಲ್ಲ. ಇದನ್ನ ಬರದಾಕಿ ನಾನ.”

ಶಿವಗಂಗಾ ಇನ್ನೊಂದು ಕೈಯಿಂದ ಪೇಪರನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಸಿಟ್ಟು ಬರಲಿ, ಕೆನ್ನೆಗೆ ಬಾರಿಸಲಿ ಎಂದು ದೀಪಾಲಿ ಮನಸ್ಸಿನಲ್ಲೇ ಬೇಡಿಕೊಂಡಳು.

“ನಿನ್ನೆಯಿಂದ ನನ್ನ ಗಂಡನೂ ಇದನ್ನ ಅನ್ನಾಕತ್ತಾನ್ರಿ, ಕೂಸಿನ್ನ ನೀನ ಕೊಂದಿ ಅಂತ. ನಾನೊಬ್ಬಾಕಿನ ಅಲ್ಲ, ಅಲ್ಲ ಅನ್ಕೋತ ಕುಂತಿದ್ದೆ.” ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. “ನೀವು ಓದಿದವರು. ನಮ್ಮ ಮ್ಯಾಲೆ ಜೀವ ಇಟ್ಟವರು. ನೀವ ಬರದೀರಂದ್ರ ಅದು ಖರೇನ ಇರಬೇಕು.”

ದೀಪಾಲಿ ಅಲ್ಲವೇ ಅಲ್ಲ ಎಂದು ಆಣೆಯಿಟ್ಟಳು, ಕಾಲು ಹಿಡಿಯಲು ಹೋದಳು. ಶಿವಗಂಗಾ ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಬಾಗಿಲಿನ ಕಡೆ ತಿರುಗಿ ಗಂಡನಿಗೆ ಕೂಗಿ ಹೇಳಿದಳು:

“ನೀ ಅಂದದ್ದ ಖರೇ ಅಂತ. ತಪ್ಪು ನಂದ ಅಂತ.”