ಎಸ್ಟಿಮೇಟಿಗೆ ಸಹಿ ಹಾಕಿದವರು

ನನ್ನ ತಮ್ಮನ ಕಾರು ಶೋರೂಮಿನ ವರ್ಕ್‌ಶಾಪಿನಲ್ಲಿ ನಿಂತು ವಾರ ದಾಟಿತ್ತು. ಜರ್ಮನಿಯ ದೊಡ್ಡ ಕಾರು, ಕಪ್ಪು ಬಣ್ಣದ್ದು, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಅವನ ಸಂಸಾರ ನಡೆಯುವುದೇ ಅದರ ಮೇಲೆ. ಹೈದರಾಬಾದಿನ ಒಂದು ದೊಡ್ಡ ಹೋಟೆಲಿನ ಅತಿಥಿಗಳನ್ನು ಏರ್‌ಪೋರ್ಟಿನಿಂದ ಕರೆತರುವುದು, ಮದುವೆಯ ದಿನಗಳಲ್ಲಿ ಮದುಮಗನನ್ನು ಕೂರಿಸಿಕೊಂಡು ಬರುವುದು ಅದರ ಕೆಲಸ. ಹೋಟೆಲಿನವರದು ಒಂದು ಕರಾರಿದೆ: ಕಾರಿನ ಸರ್ವಿಸ್, ರಿಪೇರಿ ಎಲ್ಲ ಕಂಪನಿಯ ಶೋರೂಮಿನಲ್ಲೇ ಆಗಬೇಕು. ಹೊರಗಿನ ಗ್ಯಾರೇಜಿಗೆ ಹೋದದ್ದು ಗೊತ್ತಾದರೆ ಆ ಕಾರಿಗೆ ಮತ್ತೆ ಕರೆ ಬರುವುದಿಲ್ಲ.

ಕಾರು ಕೆಟ್ಟ ದಿನ ಬೆಳಿಗ್ಗೆ ಹಿಮಾಯತ್‌ನಗರದ ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ಗೇರ್ ಬೀಳಲಿಲ್ಲ. ಮುಂದಿನ ಪರದೆಯಲ್ಲಿ ಕೆಂಪು ಅಕ್ಷರ ಬಂತು. ಹಿಂದಿನ ಸೀಟಿನಲ್ಲಿದ್ದ ಅತಿಥಿಯನ್ನು ಬೇರೆ ಕಾರಿಗೆ ಹತ್ತಿಸಿ, ತಮ್ಮ ತನ್ನ ಕಾರನ್ನು ಲಾರಿಯ ಮೇಲೆ ಏರಿಸಿ ಶೋರೂಮಿಗೆ ಕಳಿಸಿದ. ನಾಲ್ಕಾರು ದಿನದ ಮೇಲೆ ಎಸ್ಟಿಮೇಟ್ ಬಂತು. ಇಡೀ ಗೇರ್‌ಬಾಕ್ಸ್ ಬದಲಿಸಬೇಕು. ತೆರಿಗೆ ಸೇರಿ ಹನ್ನೊಂದು ಲಕ್ಷದ ಮೇಲೆ.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವವಳು. ಮನೆಗೆ ಯಾವ ಕಾಗದ ಬಂದರೂ ಓದಲು ಮೊದಲು ನನ್ನ ಕೈಗೆ ಕೊಡುತ್ತಾರೆ. ತಮ್ಮ ಅದನ್ನು ನನ್ನ ಅಡುಗೆಮನೆಯ ಕಟ್ಟೆಯ ಮೇಲಿಟ್ಟ.

"ಇಷ್ಟು ರೊಕ್ಕಕ್ಕ ಇನ್ನೊಂದು ಗಾಡಿ ಬರತೈತಿ ಅಕ್ಕಾ," ಎಂದ. "ಜೋಡಿಗೆ ಡ್ರೈವರ್‌ನೂ ಕೊಡತಾರ."

"ಕೊಡದಿದ್ರ ಏನ್ ಮಾಡಾವ?"

"ಕೊಡದಿದ್ರ ಗಾಡಿ ಅಲ್ಲೇ ಇರತೈತಿ. ಕೊಟ್ರ ನಾ ಇರಂಗಿಲ್ಲ."

ಎಸ್ಟಿಮೇಟಿನ ಕೆಳಗೆ ಸರ್ವಿಸ್ ಅಡ್ವೈಸರ್ ಸಹಿ ಇತ್ತು. ಗಿರಾಕಿಯಿಂದ ಕಾರು ತೆಗೆದುಕೊಂಡು, ಖರ್ಚು ಬರೆದು, ಫೋನ್ ಮಾಡಿ ಒಪ್ಪಿಗೆ ಕೇಳುವ ಕೆಲಸ ಅವರದು. ಈ ಅಡ್ವೈಸರ್ ಯಾದಗಿರಿ ಕಡೆಯವರು. ಕಾರು ಬಿಟ್ಟ ದಿನವೇ ತಮ್ಮನ ಹಿಂದಿಯ ಎಳೆತ ಕೇಳಿ, "ನಿಮ್ಮದು ಕಲಬುರಗಿ ಏನ್ರಿ ಅಣ್ಣಾರ?" ಎಂದು ಕೇಳಿದ್ದರಂತೆ. ಅಲ್ಲಿಂದ ಮುಂದೆ ಇಬ್ಬರದೂ ಕನ್ನಡವೇ. ಎಸ್ಟಿಮೇಟ್ ಬಂದ ಮರುದಿನ ಅವರೇ ತಮ್ಮನಿಗೆ ಫೋನ್ ಮಾಡಿ, ಸಂಜೆ ಅಮೀರ್‌ಪೇಟ್ ಮೆಟ್ರೋ ಕೆಳಗೆ ಸಿಗುತ್ತೀರಾ ಎಂದರು. ಶೋರೂಮಿನ ಫೋನಿನಿಂದ ಮಾಡಿದ ಕರೆ ಅದಲ್ಲ. ನಾನೂ ಹೋದೆ.

ಅಮೀರ್‌ಪೇಟ್‌ನಲ್ಲಿ ಸಂಜೆ ನಿಲ್ಲಲು ಜಾಗ ಸಿಗುವುದು ಕಷ್ಟ. ಒಂದು ರೈಲು ಇಳಿದು ಇನ್ನೊಂದಕ್ಕೆ ಓಡುವವರು, ಕೋಚಿಂಗ್ ಕ್ಲಾಸಿನ ಕರಪತ್ರ ಹಂಚುವವರು, ಹಾಸ್ಟೆಲಿಗೆ ಹೋಗುವ ಹುಡುಗಿಯರು. ಅಡ್ವೈಸರ್ ಒಂದು ಚಹಾದಂಗಡಿಯ ಪಕ್ಕ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ಮೂವತ್ತು ದಾಟಿದ ಮನುಷ್ಯ. ಕಂಪನಿಯ ಹೆಸರಿದ್ದ ಅಂಗಿಯ ಮೇಲೆ ಆ ಸೆಕೆಯಲ್ಲೂ ಜಾಕೆಟ್ ಹಾಕಿ ಕುತ್ತಿಗೆಯವರೆಗೆ ಜಿಪ್ ಎಳೆದಿದ್ದರು.

"ಅಕ್ಕಾರ, ಮಷಿನ್ ಹಚ್ಚಿ ನೋಡಿದಾಗ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಒಂದ ಕೆಟ್ಟೈತಿ ಅಂತ ಬಂತ್ರಿ," ಎಂದರು. "ಗೇರ್‌ಬಾಕ್ಸಿಗೆ ಏನೂ ಆಗಿಲ್ಲ."

"ಮತ್ತ ಇಡೀ ಗೇರ್‌ಬಾಕ್ಸ್ ಅಂತ ಯಾಕ ಬರದ್ರಿ?"

"ಬರಿ ಅಂದ್ರು, ಬರದೆ. ತಿಂಗಳಿಗೆ ಇಷ್ಟು ದೊಡ್ಡ ಕೆಲಸ ಆಗಬೇಕಂತ ಮ್ಯಾಲಿನವರಿಗೆ ಟಾರ್ಗೆಟ್ ಇರತೈತ್ರಿ. ಸಹಿ ಮಾತ್ರ ನಂದು."

"ಬೋರ್ಡ್ ಒಂದ ಹಾಕಿದ್ರ?"

"ಎರಡು ಲಕ್ಷದಾಗ ಮುಗೀತೈತ್ರಿ. ನಮ್ಮ ವರ್ಕ್‌ಶಾಪಿನಾಗ ಆಗೂವಂಥಾ ಕೆಲಸ."

"ಉಳಿದದ್ದಕ್ಕ ಶೋರೂಮಿಗೆ ಹೊಸಾ ಗಾಜು ಹಾಕಸಾವ್ರಿದ್ರೇನು?" ಎಂದ ತಮ್ಮ.

ಅವರು ನಗಲಿಲ್ಲ. ನನ್ನ ಕಡೆ ತಿರುಗಿ, "ನನ್ನ ಹೆಸರು ಎಲ್ಲೂ ಬರಬಾರದ್ರಿ ಅಕ್ಕಾರ," ಎಂದರು. "ನಾ ಇನ್ನಾ ಪ್ರೊಬೇಶನ್ ಮ್ಯಾಲ ಅದೀನಿ. ಈ ತಿಂಗಳ ಆಖೇರಿಗೆ ಕಾಯಂ ಮಾಡತೀವಿ ಅಂದಾರ. ಇಲ್ಲಿಂದ ತಗದ್ರಂದ್ರ ಈ ಊರಾಗ ಬ್ಯಾರೆ ಶೋರೂಮಿನವರೂ ತಗೊಳ್ಳಂಗಿಲ್ಲ. ಅವರು ಮೊದಲು ಇಲ್ಲಿಗೇ ಫೋನ್ ಮಾಡಿ ಕೇಳತಾರ. ಮನ್ಯಾಗ ಸಣ್ಣ ಕೂಸು ಐತಿ."

"ಬರೂದಿಲ್ಲ," ಎಂದೆ.

ಅವರು ಚಹಾದ ಲೋಟವನ್ನು ಅರ್ಧಕ್ಕೇ ಇಟ್ಟು ಮೆಟ್ಟಿಲು ಹತ್ತಿ ಹೋದರು.

ಡೆಸ್ಕಿನಲ್ಲಿ ನಾವು ದಿನವೂ ಮಾಡುವ ಕೆಲಸವೇ ಇದು. ಒಬ್ಬರು ಹೇಳಿದ್ದನ್ನು ಇನ್ನೊಂದು ಕಡೆಯಿಂದ ಖಚಿತಪಡಿಸಿಕೊಳ್ಳಬೇಕು. ಖಚಿತವಾದ ಮೇಲೆ ಎರಡನೆಯ ಕಡೆಯದನ್ನು ಮುಂದಿಟ್ಟು ಮೊದಲನೆಯವರನ್ನು ಮರೆಯಲ್ಲಿಡಬೇಕು. ಇಲ್ಲಿ ಎರಡನೆಯ ಕಡೆ ಎಂದರೆ ಆ ಮಷಿನ್. ಅದು ತೋರಿಸಿದ್ದರ ಪ್ರತಿಯನ್ನು ಗಿರಾಕಿ ಕೇಳಬಹುದು. ಯಾರೂ ಹೇಳಿಕೊಡದಿದ್ದರೂ ಕೇಳುವಂಥ ಪ್ರಶ್ನೆ ಅದು. ಮರಳಿ ಬರುವಾಗ ತಮ್ಮನಿಗೆ ಇದನ್ನೇ ಬಿಡಿಸಿ ಹೇಳಿದೆ. "ನೀ ಅಲ್ಲಿ ಬಾಯಿ ತಗೀಬ್ಯಾಡ," ಎಂದೂ ಹೇಳಿದೆ. ಅವನು ತಲೆಯಾಡಿಸಿದ.

ಮರುದಿನ ಸರ್ವಿಸ್ ಮ್ಯಾನೇಜರ್ ನಮ್ಮನ್ನು ಗಾಜಿನ ಕೋಣೆಗೆ ಕರೆದರು. ನಡುವಯಸ್ಸಿನವರು, ಮೆಲುದನಿಯವರು. ನಮ್ಮೊಡನೆ ಹಿಂದಿ, ಫೋನಿನಲ್ಲಿ ತೆಲುಗು. ಗಾಜಿನ ಆಚೆ ಅಡ್ವೈಸರುಗಳ ಮೇಜುಗಳ ಸಾಲು. ನಮ್ಮ ಕಡೆಯವರು ಬಾಗಿಲಿನ ಪಕ್ಕದ ಮೇಜಿನಲ್ಲಿ ಯಾರಿಗೋ ಬಿಲ್ಲು ವಿವರಿಸುತ್ತಿದ್ದರು. ಒಮ್ಮೆಯೂ ಈ ಕಡೆ ನೋಡಲಿಲ್ಲ.

ಮಷಿನ್ ತೋರಿಸಿದ್ದರ ಪ್ರತಿ ಕೊಡಿ ಎಂದು ನಾನು ಹಿಂದಿಯಲ್ಲಿ ಕೇಳಿದೆ.

"ಮೇಡಂ, ಅದು ಒಳಗಿನ ದಾಖಲೆ. ಗಿರಾಕಿಗೆ ಕೊಡುವ ಪದ್ಧತಿ ಇಲ್ಲ," ಎಂದರು, ಹಿಂದಿಯಲ್ಲೇ.

"ಹಾಗಾದರೆ ಇಲ್ಲೇ ತೋರಿಸಿ. ಓದಿ ವಾಪಸ್ ಕೊಡುತ್ತೇನೆ."

"ಓದಿದರೂ ತಿಳಿಯುವುದಿಲ್ಲ. ಎಲ್ಲ ಕೋಡ್‌ಗಳು."

"ತಿಳಿದವರಿಂದ ಓದಿಸುತ್ತೇನೆ."

ಅವರು ಪೆನ್ನಿನಿಂದ ಏನೋ ಗುರುತು ಹಾಕುತ್ತ ಕುಳಿತರು. ಇಲ್ಲ ಎಂದೂ ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ಹೀಗೆ ಎದುರಿನವರು ತಡೆದಾಗ ಕಾಯಬೇಕು. ಮೌನವನ್ನು ಮೊದಲು ಮುರಿಯುವವರು ಅವರೇ ಆಗಲಿ. ನಾನು ಕಾಯುತ್ತಿದ್ದೆ. ತಮ್ಮನಿಗೆ ಆಗಲಿಲ್ಲ. ನನ್ನ ಕಡೆ ಬಾಗಿ, ಸಣ್ಣ ದನಿಯಲ್ಲಿ, ಆದರೆ ಆ ಚಿಕ್ಕ ಕೋಣೆಗೆ ಸಾಕಾಗುವಷ್ಟು ದನಿಯಲ್ಲಿ ಹೇಳಿದ.

"ಅಕ್ಕಾ, ಎಷ್ಟೊತ್ತು ಸುತ್ತಾಡಸ್ತಿ. ಬರೇ ಬೋರ್ಡ್ ಹೋಗೈತಂತ ನಮ್ಮ ಯಾದಗಿರ್ಯಾಂವ ಹೇಳ್ಯಾನಲ್ಲ. ಅದನ್ನ ಇವನ ಮಾರಿ ಮ್ಯಾಲ ಹೊಡಿ."

ಈ ಊರಿನಲ್ಲಿ ಕನ್ನಡದವರೆಲ್ಲ ಹೀಗೆಯೇ ಮಾಡುತ್ತೇವೆ. ಆಟೋದಲ್ಲಿ, ಬಟ್ಟೆಯಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಎದುರಿನವರನ್ನು ಕೂರಿಸಿಕೊಂಡೇ ನಮ್ಮೊಳಗೆ ಕನ್ನಡದಲ್ಲಿ ಮಾತಾಡಿಕೊಳ್ಳುತ್ತೇವೆ, ಬಾಗಿಲು ಹಾಕಿಕೊಂಡಂತೆ. ನಾನು ತಮ್ಮನ ಮೊಣಕೈ ಒತ್ತಿದೆ. ಆ ಹೊತ್ತಿಗೆ ಮಾತು ಮುಗಿದಿತ್ತು.

ಮ್ಯಾನೇಜರ್ ಪೆನ್ನಿಗೆ ಮುಚ್ಚಳ ಹಾಕಿದರು. ಗಾಜಿನಾಚೆ, ಬಾಗಿಲ ಪಕ್ಕದ ಮೇಜಿನ ಕಡೆ ನೋಡಿದರು. ಆಮೇಲೆ ತಮ್ಮನ ಕಡೆ.

"ನಮ್ಮವ್ವನ ತವರುಮನಿ ನಾರಾಯಣಪೇಟ ರೀ ಸರ," ಎಂದರು. "ಮನ್ಯಾಗ ಕನ್ನಡಾನೇ ಮಾತಾಡತಿದ್ವಿ."

ತಮ್ಮನ ಮುಖ ಹೇಗಾಯಿತು ಎಂದು ನಾನು ನೋಡಲಿಲ್ಲ. ನಾನು ನೋಡುತ್ತಿದ್ದದ್ದು ಮ್ಯಾನೇಜರ್ ಕೈಯನ್ನು. ಅದು ಮೇಜಿನ ಫೋನಿನ ಪಕ್ಕದಲ್ಲಿತ್ತು. ನಾರಾಯಣಪೇಟ ತೆಲಂಗಾಣದ್ದೇ, ಗಡಿಯ ಊರು. ಅಲ್ಲಿ ಮನೆಮನೆಯಲ್ಲೂ ಕನ್ನಡ ಗೊತ್ತು. ನಿಮ್ಮದು ಯಾವೂರು ಎಂದು ಅವರನ್ನು ನಾವು ಕೇಳಿರಲಿಲ್ಲ.

"ಯಾರ್ ಹೇಳಿದ್ರು, ಏನ್ ಹೇಳಿದ್ರು ನಾ ಕೇಳಂಗಿಲ್ಲ," ಎಂದು ಅವರು ಮುಂದುವರಿಸಿದರು. ದನಿ ಏರಲಿಲ್ಲ. "ನಿಮಗ ಬೋರ್ಡ್ ಒಂದ ಹಾಕಿ ಕೊಡಬೇಕು, ಹೌದಲ್ಲ? ಕೊಡತೀನಿ. ಈಗಿಂದೀಗ ಹೊಸಾ ಎಸ್ಟಿಮೇಟ್ ಮಾಡಸ್ತೀನಿ. ಎರಡು ಲಕ್ಷದಾಗ ಗಾಡಿ ತಯಾರ್."

ತಮ್ಮ ಕುರ್ಚಿಯಲ್ಲಿ ಮುಂದೆ ಸರಿದ.

"ಆದ್ರ ಹಳೇ ಎಸ್ಟಿಮೇಟ್ ಯಾಕ ಬದಲಾತು ಅಂತ ಕಂಪ್ಯೂಟರ್‌ದಾಗ ಕಾರಣ ಹಾಕಬೇಕಾಗತೈತಿ ಮೇಡಂ. ಅಡ್ವೈಸರ್ ತಪ್ಪು ಅಂತ ಹಾಕತೀನಿ. ಸಹಿ ಅವರದೇ ಐತಲ್ಲ. ಪ್ರೊಬೇಶನ್ ಮ್ಯಾಲಿದ್ದವರು ಇಷ್ಟು ದೊಡ್ಡ ತಪ್ಪು ಮಾಡಿದ್ರ ಮುಂದ ಏನಾಗತೈತಿ, ಅದು ನನ್ನ ಕೈಯಾಗಿಲ್ಲ."

"ಎರಡನೇ ಸಲ ನೋಡಿದಾಗ ಗೊತ್ತಾತು ಅಂತ ಹಾಕ್ರಿ," ಎಂದೆ.

"ಹಂಗ ಹಾಕಬೇಕಂದ್ರ ಕಂಪನಿ ಇಂಜಿನಿಯರ್ ಹೊರಗಿಂದ ಬಂದು ನೋಡಬೇಕು. ಬಂದಂವ ಎಲ್ಲಾರನ್ನೂ ಕೂಡಿಸಿ ಕೇಳತಾನ. ಕೇಳೂದು ಬೇಕೇನ್ರಿ ನಿಮಗ?"

ಬಾಗಿಲುಗಳನ್ನು ಒಂದೊಂದಾಗಿ ಹಾಕುತ್ತ ಬರುವುದು ಅವರಿಗೆ ರೂಢಿಯಾಗಿತ್ತು. ನಾನು ಕೊನೆಯದನ್ನು ಕೇಳಿದೆ.

"ನಾವು ರಿಪೇರಿನ ಬ್ಯಾಡ ಅಂದ್ರ?"

"ಗಿರಾಕಿಗೆ ಒಪ್ಪಿಗಿ ಇಲ್ಲ ಅಂತ ಬರೀತೀನಿ. ಎಸ್ಟಿಮೇಟ್ ಇದ್ದಂಗ ಇರತೈತಿ. ಕಾಗದದ ಪ್ರಕಾರ ಯಾರದೂ ತಪ್ಪಿಲ್ಲ."

"ಈಗ ನೀವು ಕೇಳಿಸಿಕೊಂಡಿದ್ದು?"

"ಗಿರಾಕಿ ಜೋಡಿ ನಾ ಹಿಂದ್ಯಾಗ ಮಾತಾಡತೀನಿ ಮೇಡಂ," ಎಂದರು. "ಹಿಂದ್ಯಾಗ ನೀವು ಏನೂ ಹೇಳಿಲ್ಲ."

ಅದು ಮಾತು ಕೊಟ್ಟಂತೆಯೋ, ಹೆದರಿಸಿದಂತೆಯೋ ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಕಾರು ನನ್ನದಲ್ಲ. ಸಾಲದ ಕಂತು ಕಟ್ಟುವವನು ತಮ್ಮ. ಹೊರಗೆ ಒಯ್ದರೆ ಹೋಟೆಲಿನ ಕೆಲಸ ಹೋಗುತ್ತದೆ ಎಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅಡ್ವೈಸರಿಗೆ ಮಾತು ಕೊಟ್ಟವಳು ನಾನು. ಆ ಮಾತಿನ ಬೆಲೆ ತೆರಬೇಕಾದವನು ಅವನು. ಹಾಗಾಗಿ ತೀರ್ಮಾನವನ್ನು ಅವನಿಗೇ ಬಿಟ್ಟೆ.

ತಮ್ಮ ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಉಜ್ಜಿಕೊಂಡ. ಗಾಜಿನಾಚೆ ಅಡ್ವೈಸರ್ ಗಿರಾಕಿಯನ್ನು ಕಳಿಸಿ, ಮೇಜಿನ ಮೇಲಿನ ಕಾಗದಗಳನ್ನು ಜೋಡಿಸುತ್ತಿದ್ದರು. ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದರು. ಒಳಗೆ ಏನೋ ಆಗಿದೆ ಎಂದು ಅವರಿಗೆ ಗೊತ್ತಾಗಿತ್ತು.

"ಆ ಹೋಟೆಲ್‌ನವರು ಬೆಳಗಿನ ನಾಷ್ಟಾ ಕೊಡತಿದ್ರು ಅಕ್ಕಾ," ಎಂದ ತಮ್ಮ. "ಇಡ್ಲಿ ಭಾಳ ಛಲೋ ಇರತಿತ್ತು."

ಆಮೇಲೆ ಮ್ಯಾನೇಜರ್ ಕಡೆ ತಿರುಗಿ, ಹಿಂದಿಯಲ್ಲಿ ಹೇಳಿದ: "ಗಾಡಿ ಹೊರಗೆ ತೆಗೆಸಿ. ರಿಪೇರಿ ಬೇಡ."

ಮ್ಯಾನೇಜರ್ ಹಿಂದಿಯಲ್ಲೇ, "ಖಂಡಿತ ಸರ್," ಎಂದರು.

ತಪಾಸಣೆಯ ಖರ್ಚು, ಬಿಚ್ಚಿದ್ದನ್ನು ಕೂಡಿಸಿದ ಖರ್ಚು ಎಂದು ಒಂದು ಬಿಲ್ಲು ಬಂತು. ಅದನ್ನು ಚುಕ್ತಾ ಮಾಡಿದೆವು. ಸನತ್‌ನಗರದ ಕಾರ್ಖಾನೆಗಳ ಸಾಲಿನಲ್ಲಿ ಇಂಥ ಕಾರುಗಳನ್ನೇ ನೋಡುವ ಒಂದು ಗ್ಯಾರೇಜ್ ಇದೆ. ಲಾರಿಯನ್ನು ಅಲ್ಲಿಗೆ ಕಳಿಸುವುದೆಂದು ತೀರ್ಮಾನಿಸಿದೆವು. ಮಧ್ಯಾಹ್ನದ ಬಿಸಿಲಲ್ಲಿ ಕಾರನ್ನು ಲಾರಿಗೆ ಏರಿಸುತ್ತಿದ್ದಾಗ ಗೇಟ್ ಪಾಸಿಗೆ ಸಹಿ ಮಾಡಿಸಲು ಅಡ್ವೈಸರ್ ಬಂದರು. ಮ್ಯಾನೇಜರ್ ಕೋಣೆಯಿಂದ ಎದ್ದು ಬಂದು ಮೆಟ್ಟಿಲ ಮೇಲೆ ನಿಂತಿದ್ದರು. ಸಹಿ ಎಲ್ಲಿ ಹಾಕಬೇಕೆಂದು ಅಡ್ವೈಸರ್ ಬೆರಳಿಟ್ಟು ತೋರಿಸಿದರು. ನನ್ನ ತಮ್ಮ ಸಹಿ ಹಾಕಿ, ತಲೆಯೆತ್ತದೆ ಪೆನ್ನು ಮರಳಿಸಿದ.

ಸನತ್‌ನಗರದಲ್ಲಿ ಬೋರ್ಡ್ ಬದಲಿಸಿದರು. ಕೆಟ್ಟದ್ದು ಅದೊಂದೇ ಆಗಿತ್ತು. ಅಡ್ವೈಸರ್ ಹೇಳಿದ್ದು ಹೀಗೆ ಖಚಿತವಾಯಿತು. ಆದರೆ ಅದನ್ನು ಯಾರ ಮುಂದೂ ಇಡುವ ಹಾಗಿರಲಿಲ್ಲ. ಹೋಟೆಲಿನವರು ದಾಖಲೆ ಕೇಳಿದರು, ತಮ್ಮ ಇದ್ದದ್ದನ್ನೇ ತೋರಿಸಿದ, ಅವರು ಬೇರೆ ಕಾರು ಗೊತ್ತುಮಾಡಿಕೊಂಡರು. ಈಗ ಅವನಿಗೆ ಇರುವುದು ಮದುವೆಗಳು, ಗುರುತಿನವರ ಏರ್‌ಪೋರ್ಟ್ ಬಾಡಿಗೆಗಳು. ಮದುವೆಗಳಿಲ್ಲದ ತಿಂಗಳಲ್ಲಿ ಕಂತಿನ ದಿನ ಹತ್ತಿರ ಬಂದರೆ ಅವನ ಫೋನ್ ನನಗೆ ಬರುತ್ತದೆ. ಬೇರೆ ಏನೋ ಮಾತಾಡಿ ಇಡುತ್ತಾನೆ.

ಅಡ್ವೈಸರ್ ನಮಗೆ ಫೋನ್ ಮಾಡಲಿಲ್ಲ. ನಾವೂ ಅವರ ಸ್ವಂತ ನಂಬರಿಗೆ ಮಾಡುವ ಹಾಗಿರಲಿಲ್ಲ. ತಿಂಗಳು ಮುಗಿಯಿತು. ಅವರನ್ನು ಉಳಿಸಿಕೊಂಡರೋ ಇಲ್ಲವೋ ಎಂಬುದು ಮನೆಯಲ್ಲಿ ಯಾರೂ ಎತ್ತದ ಮಾತಾಯಿತು. ತಮ್ಮ ಊಟಕ್ಕೆ ಬಂದ ಒಂದು ಭಾನುವಾರ ಅವನೇ ಎತ್ತಿದ.

"ನಿಮ್ಮ ಪೇಪರ್‌ನಾಗ ಇಂಥಾದು ಹೆಂಗ ತಿಳ್ಕೋತೀರಿ?"

"ಫೋನ್ ಮಾಡತೀವಿ."

ಶೋರೂಮಿನ ಸರ್ವಿಸ್ ವಿಭಾಗದ ನಂಬರು ಎಸ್ಟಿಮೇಟಿನ ಮೇಲೆಯೇ ಇತ್ತು. ಭಾನುವಾರವೂ ಅದು ತೆರೆದಿರುತ್ತದೆ. ತಮ್ಮನಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. ಆಪರೇಟರ್ ಎತ್ತಿದಳು, ಸರ್ವಿಸ್ ಕಡೆ ಕೊಡಿ ಎಂದೆ, ಸಂಗೀತ ಬಂತು. ತಮ್ಮ ತಟ್ಟೆಯಲ್ಲಿ ಕೈ ಹಾಗೇ ಬಿಟ್ಟು ಕುಳಿತಿದ್ದ. ಸಂಗೀತ ನಿಂತಿತು. ಹಿಂದಿಯಲ್ಲಿ, ಬಾಯಿಪಾಠ ಮಾಡಿದ ಸ್ವಾಗತದ ಮಾತುಗಳು. ದನಿ ಯಾದಗಿರಿಯವರದೇ. ಹಿಂದೆ ಯಾವುದೋ ಕಾರಿನ ಬಾಗಿಲು ಹಾಕಿದ ಸದ್ದು. ಹಲೋ ಎಂದರು, ಮತ್ತೊಮ್ಮೆ ಹಲೋ ಎಂದರು. ನಾನು ಕಟ್ ಮಾಡಿದೆ.

"ಅದಾನ," ಎಂದ ತಮ್ಮ.

"ಅದಾರ."

"ಕಾಯಂ ಆತೇನು?"

"ಅದು ಗೊತ್ತಾಗಲಿಲ್ಲ. ಇವತ್ತು ಅದಾರ."

ಅವನು ಮತ್ತೆ ರೊಟ್ಟಿ ಮುರಿದುಕೊಂಡ.