ಇಬ್ಬರ ಅಳತೆ

ದ್ವಿಭಾಷಾ ನಿಘಂಟಿನ ಕೆಲಸದಲ್ಲಿ ಪದಕ್ಕೆ ಅರ್ಥ ಕೊಡುವವರು ಅನೇಕರಿದ್ದಾರೆ. ಕೊಟ್ಟ ಅರ್ಥ ಸಾಲದೆಂದು ತಾವೇ ಹಿಂದಕ್ಕೆ ಪಡೆಯುವವರು ವಿರಳ. ಅಂಥ ವಿರಳರಲ್ಲಿ ಒಬ್ಬರಾದ ನಮ್ಮ ಪ್ರಧಾನ ಸಂಪಾದಕರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ, ಅವರ ಎದುರಿನ ಮೇಜಿನಲ್ಲೇ ಕೂತು ಕೆಲಸ ಕಲಿತ ನನಗೆ ಈ ನಾಲ್ಕು ಮಾತು ಬರೆಯುವ ಭಾಗ್ಯ ದೊರೆತಿದೆ. ಕಚೇರಿಯಲ್ಲಿ ಅವರಿಗೆ ‘ಅಳತೆ ಮೇಷ್ಟ್ರು’ ಎಂಬ ಅಡ್ಡಹೆಸರಿದೆ. ಅದು ಅವರಿಗೆ ಗೊತ್ತಿಲ್ಲವೆಂದು ಮೊದಮೊದಲು ನಂಬಿದ್ದವರು ನಾವು ಮಾತ್ರ.

ಆ ಹೆಸರು ಬಂದದ್ದು ‘ಇನಾರ್ಡಿನೇಟ್’ ಎಂಬ ಇಂಗ್ಲಿಷ್ ವಿಶೇಷಣದಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಅದರ ಮುಂದೆ ‘ಅತಿಯಾದ’ ಎಂದು ಬರೆದು ಕೈತೊಳೆದುಕೊಂಡಿದ್ದೆ. ಅವರು ಚೀಟಿಯನ್ನು ನನ್ನ ಮೇಜಿಗೆ ಹಿಂದಕ್ಕೆ ತಂದಿಟ್ಟು, ಯಾವ ಅಳತೆಗೆ ಅತಿ ಎಂದು ಕೇಳಿದರು. ಬೇಸಿಗೆಯ ಬಿಸಿಲು ಎಷ್ಟೇ ಸುಡಲಿ, ಅದಕ್ಕೆ ಈ ಪದ ಒಪ್ಪುವುದಿಲ್ಲವಂತೆ; ಬೇಸಿಗೆಗೆ ಬಿಸಿಲು ಸಲ್ಲುವಂಥದ್ದೇ. ಒಂದು ಸಹಿಗಾಗಿ ತಿಂಗಳುಗಟ್ಟಲೆ ಕಾಯಿಸಿದರೆ ಆ ವಿಳಂಬಕ್ಕೆ ಒಪ್ಪುತ್ತದೆ. ಸಣ್ಣ ಬಹುಮಾನ ಬಂದದ್ದಕ್ಕೆ ನೆಲವೇ ಕಾಣದಷ್ಟು ಜಂಬ ಬಂದರೆ ಆ ಜಂಬಕ್ಕೂ ಒಪ್ಪುತ್ತದೆ. ನಿಘಂಟಿಗೆ ಇಷ್ಟೊಂದು ವರ್ಷ ಹಿಡಿದದ್ದಕ್ಕೆ ಮಾತ್ರ ಒಪ್ಪುವುದಿಲ್ಲವೆಂದು ಅವರು ಸಂಸ್ಥೆಯ ನಿರ್ದೇಶಕರ ಮುಖದ ಮೇಲೇ ಹೇಳಿದ್ದುಂಟು. ಕೊನೆಗೆ ‘ಸಲ್ಲುವ ಅಳತೆಯನ್ನು ಮೀರಿದ’ ಎಂಬ ಅರ್ಥ ಅಚ್ಚಾಯಿತು.

ಶಾಲಾ ಶಿಕ್ಷಕಿಯಾಗಿದ್ದ ಅವರ ಪತ್ನಿ ಬೆಳಗಿನ ಮೊದಲ ಬಸ್ಸು ಹಿಡಿಯಬೇಕಾಗಿದ್ದುದರಿಂದ ಮನೆಯ ಅಡುಗೆ ಸಂಪಾದಕರದೇ ಆಗಿತ್ತು. ಎರಡು ಡಬ್ಬಿ ತುಂಬಿ, ಒಂದನ್ನು ಪತ್ನಿಯ ಕೈಗೆ ಕೊಟ್ಟು, ಇನ್ನೊಂದನ್ನು ತಾವು ತರುತ್ತಿದ್ದರು. ಪತ್ನಿ ತೀರಿಕೊಂಡ ಮೇಲೆ, ರಜೆ ಮುಗಿಸಿ ಬಂದ ಮೊದಲ ದಿನ ಅವರ ಚೀಲದಲ್ಲಿ ಎರಡೂ ಡಬ್ಬಿಗಳಿದ್ದವು. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದು, ಮಧ್ಯಾಹ್ನವನ್ನು ಬಿಸ್ಕತ್ತಿನಲ್ಲೇ ಕಳೆಯುತ್ತಿದ್ದ ನನ್ನ ಮುಂದೆ ಒಂದನ್ನು ಸರಿಸಿ, ಜಾಸ್ತಿಯಾಗಿದೆ, ತಿನ್ನು ಎಂದರು. ಮರುದಿನವೂ ಜಾಸ್ತಿಯಾಯಿತು, ಆ ವರ್ಷವೆಲ್ಲ ಜಾಸ್ತಿಯಾಯಿತು. ಸಂಜೆ ಎಲ್ಲರೂ ಹೊರಟ ಮೇಲೂ ಅವರು ಪದಗಳ ಚೀಟಿ ತುಂಬಿದ ಕಪಾಟಿನ ಪಕ್ಕ ಕೂತೇ ಇರುತ್ತಿದ್ದರು. ಕೆಲಸ ಹೆಚ್ಚಿತ್ತೆಂದಲ್ಲ, ಮನೆಯಲ್ಲಿ ಬಾಗಿಲು ತೆಗೆಯುವವರು ಇರಲಿಲ್ಲವೆಂದು. ಇದೆಲ್ಲ ಕಣ್ಣಿಗೆ ಬೀಳುತ್ತಿದ್ದರೂ ನಾನೊಮ್ಮೆ ತಮಾಷೆಗೆಂದು ಬಾಯಿಬಿಟ್ಟೆ.

“ಏನ್ ಸರ್, ಅಳತೆ ಮೇಷ್ಟ್ರಿಗೇ ಅಳತೆ ತಪ್ಪುತ್ತಾ?”

“ಅಳತೆ ಸರಿಯಾಗೇ ಇದೆಯಮ್ಮ. ಉಣ್ಣೋರು ಒಬ್ಬರು ಕಡಿಮೆಯಾಗಿದ್ದಾರೆ.”

ಹೀಗೆಂದು ಅವರು ಎಂದಿನಂತೆ ಕನ್ನಡಕ ಒರೆಸಿಕೊಂಡು ಊಟಕ್ಕೆ ಕೂತರು. ನಾನು ನನ್ನ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿದೆ. ಉಳಿದರೆ ಅವರು ಅದನ್ನು ಆ ಖಾಲಿ ಮನೆಗೆ ಹೊತ್ತುಕೊಂಡು ಹೋಗಬೇಕಿತ್ತು. ಆವತ್ತಿನಿಂದ ಈವತ್ತಿನವರೆಗೆ ಆ ಎರಡನೆಯ ಡಬ್ಬಿ ನನ್ನದೇ.

ಕಳೆದ ವಾರ ಮೇಜು ತೆರವು ಮಾಡುತ್ತಿದ್ದಾಗ ಅವರು, ಇನ್ನಾದರೂ ಒಬ್ಬರಿಗೆ ಅಡುಗೆ ಮಾಡುವುದನ್ನು ಕಲಿಯಬೇಕು ಎಂದರು. ಆ ಮಾತು ಕೇಳಿ ನನಗೆ ಸಂಕಟವಾಯಿತು. ಇಷ್ಟು ಕಾಲ ಅವರು ಹೇಳಿದ್ದನ್ನೆಲ್ಲ ತಲೆಬಾಗಿ ತಿದ್ದಿಕೊಂಡ ನಾನು, ಇದೊಂದನ್ನು ಒಪ್ಪದೆ ಅವರ ಮೇಜಿಗೇ ಹಿಂದಿರುಗಿಸುತ್ತಿದ್ದೇನೆ.

ಮಾನ್ಯ ಸಂಪಾದಕರು ಆರೋಗ್ಯವಂತರಾಗಿ ಬಹುಕಾಲ ಬಾಳಲಿ. ಪರಿಷ್ಕೃತ ಮುದ್ರಣದ ಕರಡುಗಳನ್ನು ಮನೆಯಲ್ಲೇ ಕೂತು ತಿದ್ದಿಕೊಡಲಿ. ಅವರ ಮನೆ ಕಚೇರಿಯ ಹಿಂದಿನ ಬೀದಿಯಲ್ಲೇ ಇದೆ. ಕರಡುಗಳನ್ನು ದಿನವೂ ಊಟದ ಹೊತ್ತಿಗೆ ನಾನೇ ತರುತ್ತೇನೆ. ಸರ್, ದಯವಿಟ್ಟು ಇಬ್ಬರಿಗೇ ಮಾಡಿ.